ಹರಳೆಣ್ಣೆಯ ತಪ್ಪಿಗೆ ಮದ್ದಿಗೆ ಶಿಕ್ಷೆ

ಹಿರೇನಲ್ಲೂರಿನ ಕಡೆ ಮಗು ರಚ್ಚೆ ಹಿಡಿದರೆ ಅಜ್ಜಿಯರು ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು. ತಂಪು ಹತ್ತಿ ಮಗು ಮಲಗುತ್ತಿತ್ತು. ಇವತ್ತು ನಾನು ಹೇಳಹೊರಟಿರುವುದೂ ನಿದ್ದೆಯ ಕಥೆಯೇ. ಹರಳೆಣ್ಣೆ ಅದರಲ್ಲೂ ಬರುತ್ತದೆ, ಆದರೆ ಕೆಲಸ ಕೆಡಿಸುವುದಕ್ಕೆ.

ಸ್ಟೀರಾಯ್ಡ್ ಎಂದರೆ ನಮಗೆ ಉಬ್ಬಸದ ಔಷಧಿ ನೆನಪಾಗುತ್ತದೆ, ಇಲ್ಲವೇ ಜಿಮ್ಮಿನ ಹುಡುಗರ ತೋಳು. ಬಸುರಿಯ ಮೈಯಲ್ಲಿ ಏರುವ ಪ್ರೊಜೆಸ್ಟರಾನ್ ಕೂಡ ಸ್ಟೀರಾಯ್ಡೇ. 1941ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಅದನ್ನು ಇಲಿಗಳಿಗೆ ಚುಚ್ಚಿ ನೋಡಿದರು. ಇಲಿಗಳು ಎಚ್ಚರ ತಪ್ಪಿ ಮಲಗಿದವು. ಇವತ್ತು ಎಲ್ಲರ ಬಾಯಲ್ಲೂ ಇರುವ 'ಸ್ಟ್ರೆಸ್' ಎಂಬ ಮಾತಿಗೆ ವೈದ್ಯಕೀಯದಲ್ಲಿ ಜಾಗ ಕೊಡಿಸಿದವರೂ ಇವರೇ. ರೋಗ, ಮದ್ದು ಎರಡೂ ಒಂದೇ ಅಂಗಡಿಯಲ್ಲಿ ಸಿಕ್ಕಂತೆ.

1955ರ ಹೊತ್ತಿಗೆ ವಯಾಡ್ರಿಲ್ ಎಂಬ ಸ್ಟೀರಾಯ್ಡ್ ಅರಿವಳಿಕೆ ಬಂತು. ನಿದ್ದೆ ನಿಧಾನ, ಚುಚ್ಚಿದ ರಕ್ತನಾಳಕ್ಕೆ ಉರಿಯೂತ. ಅದು ಬಹಳ ಕಾಲ ನಿಲ್ಲಲಿಲ್ಲ.

ಗ್ಲ್ಯಾಕ್ಸೊ ಕಂಪನಿ 1971ರಲ್ಲಿ ತಂದ ಆಲ್ಥೆಸಿನ್ ಬೇರೆಯೇ ತರದ್ದು. ಬೇಗ ಮಲಗಿಸುತ್ತಿತ್ತು, ಬೇಗ ಎಬ್ಬಿಸುತ್ತಿತ್ತು. ಮಲಗಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಆಗಿನ ಅರಿವಳಿಕೆ ಥಯೊಪೆಂಟೋನ್‌ಗಿಂತ ಬಹಳ ದೊಡ್ಡದು. ತೊಂದರೆ ಒಂದೇ: ಅದರಲ್ಲಿದ್ದ ಸ್ಟೀರಾಯ್ಡ್ ನೀರಿನಲ್ಲಿ ಕರಗದು. ಅದನ್ನು ಕರಗಿಸಲು ಕ್ರೆಮೊಫೋರ್ ಬಳಸಿದರು. ಅದು ಹರಳೆಣ್ಣೆಗೆ ಎಥಿಲೀನ್ ಆಕ್ಸೈಡ್ ಸೇರಿಸಿ ಕಾರ್ಖಾನೆಯಲ್ಲಿ ಮಾಡಿದ ವಸ್ತು. ಅಜ್ಜಿಯ ಎಣ್ಣೆಯ ಮೇಲೆ ನನ್ನ ದೂರಿಲ್ಲ. ಆದರೆ ಈ ಕ್ರೆಮೊಫೋರಿನಿಂದ ಕೆಲವು ರೋಗಿಗಳಿಗೆ ಇದ್ದಕ್ಕಿದ್ದಂತೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡ ಕುಸಿಯಿತು. 1984ರಲ್ಲಿ ಆಲ್ಥೆಸಿನ್ ಅನ್ನು ಹಿಂದಕ್ಕೆ ಪಡೆದರು.

ಈಗ ಆಪರೇಷನ್ ಥಿಯೇಟರಿನಲ್ಲಿ ಕಾಣುವ ಹಾಲಿನ ಬಣ್ಣದ ಪ್ರೊಪೊಫಾಲ್ ಕೂಡ ಮೊದಲು ಇದೇ ಕ್ರೆಮೊಫೋರಿನಲ್ಲೇ ಇತ್ತು, ಅದಕ್ಕೂ ಇದೇ ಗತಿಯಾಗಿತ್ತು. ಆದರೆ ಅದನ್ನು ಸೋಯಾ ಎಣ್ಣೆಯ ಹಾಲಿಗೆ ಬದಲಾಯಿಸಿ 1986ರಲ್ಲಿ ಮತ್ತೆ ತಂದರು. ಆಲ್ಥೆಸಿನ್‌ಗೆ ಆಗ ಅಂಥ ಎರಡನೆಯ ಅವಕಾಶ ಸಿಗಲಿಲ್ಲ. ನನಗಿದು ಅನ್ಯಾಯವೆಂದೇ ತೋರುತ್ತದೆ.

ವಿಚಿತ್ರವೆಂದರೆ, ಆಲ್ಥೆಸಿನ್‌ನ ಸ್ಟೀರಾಯ್ಡ್ ಮಿದುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ವಿಜ್ಞಾನಿಗಳಾದ ಹ್ಯಾರಿಸನ್ ಮತ್ತು ಸಿಮಂಡ್ಸ್ ತೋರಿಸಿಕೊಟ್ಟದ್ದೂ 1984ರಲ್ಲೇ. ನಮ್ಮ ಮದಗದ ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ನರಕೋಶದ ತೂಬು ಎತ್ತುವುದು ಗಾಬಾ ಎಂಬ ರಾಸಾಯನಿಕ. ತೂಬು ತೆರೆದರೆ ಕ್ಲೋರೈಡ್ ಒಳಗೆ ಹರಿದು ಕೋಶದ ಅಬ್ಬರ ತಗ್ಗುತ್ತದೆ. ಸ್ಟೀರಾಯ್ಡ್ ಆ ತೂಬನ್ನು ಬೇಗ ಮುಚ್ಚಗೊಡುವುದಿಲ್ಲ. ಎರಡು ವರ್ಷದ ಮೇಲೆ, ನಮ್ಮ ಮೈಯೇ ಪ್ರೊಜೆಸ್ಟರಾನ್‌ನಿಂದ ತಯಾರಿಸುವ ಅಲೊಪ್ರೆಗ್ನನೊಲೋನ್ ಕೂಡ ಹಾಗೇ ಮಾಡುತ್ತದೆಂದು ತಿಳಿಯಿತು.

ಎಣ್ಣೆಯ ಸಮಸ್ಯೆ ಬಗೆಹರಿದದ್ದು ಸೈಕ್ಲೊಡೆಕ್ಸ್‌ಟ್ರಿನ್‌ನಿಂದ. ಪಿಷ್ಟದಿಂದ ಮಾಡಿದ, ಬಳೆಯಂಥ ಸಕ್ಕರೆ ಅದು. ಸ್ಟೀರಾಯ್ಡ್ ಅದರ ನಡುವೆ ಅಡಗಿ ಕೂರುತ್ತದೆ. ಹೀಗೆ ಮರಳಿ ಬಂದ, ಆಲ್ಥೆಸಿನ್‌ನ ಮುಖ್ಯ ಸ್ಟೀರಾಯ್ಡ್ ಆಲ್ಫಾಕ್ಸಲೋನ್ ಇವತ್ತು ನಾಯಿ, ಬೆಕ್ಕುಗಳ ಅರಿವಳಿಕೆ. ಮನುಷ್ಯರಲ್ಲಿ ಪ್ರೊಪೊಫಾಲ್ ಜೊತೆ ಹೋಲಿಸಿದ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು: ಚುಚ್ಚಿದಾಗ ನೋವಿಲ್ಲ, ರಕ್ತದೊತ್ತಡದ ಇಳಿತವೂ ಕಡಿಮೆ.

ಕಥೆ ತಿರುಗಿ ಬಾಣಂತಿಯ ಕೋಣೆಗೇ ಬಂದಿದೆ. ಹೆರಿಗೆಯಾದೊಡನೆ ಪ್ರೊಜೆಸ್ಟರಾನ್, ಅದರೊಂದಿಗೆ ಅಲೊಪ್ರೆಗ್ನನೊಲೋನ್ ಧಡಕ್ಕನೆ ಇಳಿಯುತ್ತವೆ. ಹೆರಿಗೆಯ ನಂತರದ ಖಿನ್ನತೆಗೆಂದು 2019ರಲ್ಲಿ ಅಮೆರಿಕ ಒಪ್ಪಿದ ಬ್ರೆಕ್ಸನೊಲೋನ್, ಇದೇ ಅಲೊಪ್ರೆಗ್ನನೊಲೋನ್. 60 ಗಂಟೆ ಡ್ರಿಪ್. ತಾಯಿ ತಟ್ಟನೆ ಎಚ್ಚರ ತಪ್ಪಬಹುದೆಂದು, ಮಗು ಜೊತೆಗಿದ್ದರೆ ಇನ್ನೊಬ್ಬರು ಕಾವಲಿರಬೇಕಿತ್ತು. 2023ರಲ್ಲಿ ಅದರ ತಂಗಿ ಜುರನೊಲೋನ್ ಬಂತು, ಹದಿನಾಲ್ಕು ದಿನ ನುಂಗುವ ಕ್ಯಾಪ್ಸೂಲ್. ನುಂಗಬೇಕಾದ್ದು ಸಂಜೆ, ಜಿಡ್ಡಿನ ಊಟದ ಜೊತೆಗೆ. ಬಾಣಂತಿಯ ತಟ್ಟೆಗೆ ತುಪ್ಪ ಸುರಿಯುವ ನಮ್ಮ ಮನೆಗಳಲ್ಲಿ ಅದೇನೂ ಕಷ್ಟವಾಗಲಾರದು.