ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿ

(ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಮಾತಿನ ಬರಹ ರೂಪ)



ಸಂಘದ ಸಭೆಯಲ್ಲಿ ನಾವು ಪ್ರತಿ ವಾರ ಉಳಿತಾಯದ ಬಗ್ಗೆ ಮಾತಾಡ್ತೇವೆ. ಪಾಸ್‌ಬುಕ್ಕಿಗೆ ಹಾಕಿದ ಹಣ ಉಳಿತಾಯ, ಸರಿ. ಆದರೆ ಖರ್ಚಾಗಬೇಕಾಗಿದ್ದ ಹಣ ಖರ್ಚಾಗದೆ ಕೈಯಲ್ಲಿ ನಿಂತರೆ ಅದೂ ಉಳಿತಾಯವೇ. ಇವತ್ತು ಅಂಥ ಒಂದು ಉಳಿತಾಯದ ಬಗ್ಗೆ ಹೇಳಬೇಕೆಂದಿದ್ದೇನೆ. ವಿಷಯ ದೊಡ್ಡದಲ್ಲ. ನಿಮ್ಮ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟ ಹಳೆ ಕತ್ತಿ, ಮೂಲೆಯಲ್ಲಿ ಬಿದ್ದ ಕಾವಿಲ್ಲದ ಕೊಡಲಿ, ಮಾವನ ಕಾಲದ ಉಳಿ, ತುಕ್ಕು ಹಿಡಿದ ಹೆರೆಮಣೆ, ಇವುಗಳ ವಿಷಯ.

ಮನೆ ಭೇಟಿಗೆ ಹೋದಾಗ ನಾನು ಇವುಗಳನ್ನು ನೋಡ್ತೇನೆ. ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಅದ್ ತುಕ್ ಹಿಡ್ದಿತ್ ಸಿಸ್ಟರ್, ಎಂತಕ್ ಬೇಕ್ ಅದ್?" ಮಾರನೇ ದಿನ ಗುಜರಿಯವನು ಬರ್ತಾನೆ, ತೂಕ ಮಾಡಿ ಒಯ್ಯುತ್ತಾನೆ. ಸಿಕ್ಕಿದ ದುಡ್ಡು ಮನೆಯವರ ಚಾ-ತಿಂಡಿಗೆ ಸಾಲದು. ಆಮೇಲೆ ಕೊಯ್ಲಿನ ಸಮಯಕ್ಕೆ ಅಂಗಡಿಯಿಂದ ತೆಳ್ಳಗಿನ ಹೊಸ ಕತ್ತಿ ತರ್ತೇವೆ. ಒಂದು ಮಳೆಗಾಲ ಕಳೆದರೆ ಅದರ ಬಾಯಿ ಹೋಯಿತು. ಮತ್ತೆ ಹೊಸದು. ಒಂದು ಕತ್ತಿಗೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೊಂದರಂತೆ ಐದು ವರ್ಷಕ್ಕೆ ಸಾವಿರ. ಹದಿನೈದು ಜನರ ಸಂಘಕ್ಕೆ ಹದಿನೈದು ಸಾವಿರ. ಇಷ್ಟು ಹಣದ ಸಾಲ ಕೇಳುವುದಾದರೆ ನಾವು ಎಷ್ಟು ಸಭೆ ಮಾಡ್ತೇವೆ, ಅಲ್ವಾ?

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದು ಉಂಟು. ಮೊಂಡು ಕತ್ತಿಯಲ್ಲಿ ಕೆಲಸ ಮಾಡುವವಳಿಗೆ ಪ್ರತಿ ಏಟಿಗೂ ಹೆಚ್ಚು ಬಲ ಬೇಕು. ಮಣಿಕಟ್ಟು, ಭುಜ, ಸೊಂಟ ನೋಯುತ್ತದೆ. ಹರಿತ ಇಲ್ಲದ ಕತ್ತಿ ಜಾರುತ್ತದೆ, ಗಾಯವೂ ಹೆಚ್ಚು. ಎಷ್ಟೋ ಮನೆಗಳಲ್ಲಿ ಒಳ್ಳೆ ಕತ್ತಿ ಗಂಡಸರ ಕೈಗೆ, ಮೊಂಡಾದದ್ದು ಹೆಂಗಸರ ಕೈಗೆ. ಹುಲ್ಲು ಕೊಯ್ಯುವುದು, ಸೊಪ್ಪು ತರುವುದು, ಮೀನು ಕೊಯ್ಯುವುದು, ಕಾಯಿ ಹೆರೆಯುವುದು ದಿನಾ ಯಾರ ಕೆಲಸ? ನಮ್ಮದು. ಹಾಗಾದರೆ ಹರಿತವಾದ ಸಲಕರಣೆ ಮೊದಲು ಯಾರಿಗೆ ಬೇಕು? ಸಬಲೀಕರಣ ಎಂಬ ದೊಡ್ಡ ಶಬ್ದವನ್ನು ನಾವು ಬ್ಯಾನರಿನಲ್ಲಿ ಬರೆಯುತ್ತೇವೆ. ಅದು ಕೈಯಲ್ಲಿ ಹಿಡಿಯುವ ಕತ್ತಿಯಿಂದಲೂ ಶುರುವಾಗಬಹುದು.

ಹಳೆಯದು ಯಾಕೆ ಒಳ್ಳೆಯದು?

ಹಳೆಯದೆಲ್ಲ ಒಳ್ಳೆಯದಲ್ಲ, ಅದನ್ನು ಮೊದಲೇ ಹೇಳ್ತೇನೆ. ಆದರೆ ಊರಿನ ಆಚಾರಿಗಳು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಕತ್ತಿಯಲ್ಲಿ ಮೈ ಮೆತ್ತಗಿನ ಕಬ್ಬಿಣದ್ದಾದರೂ ಬಾಯಿಗೆ ಉಕ್ಕು ಇಡುವ ಪದ್ಧತಿ ಇತ್ತು. ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದವೂ ಉಂಟು, ಅದು ಗಟ್ಟಿ ಉಕ್ಕು. ತುಕ್ಕು ಮೇಲಿನ ಸಿಪ್ಪೆಯಲ್ಲಿ ಮಾತ್ರ ಇದ್ದರೆ ಒಳಗಿನ ಉಕ್ಕು ಹಾಗೇ ಇರುತ್ತದೆ. ಉಕ್ಕು ಸವೆದಿದ್ದರೂ ಆಚಾರಿಗಳು ಹೊಸ ಉಕ್ಕು ಸೇರಿಸಿ ಕೊಡಬಲ್ಲರು.

ಹಳೆ ವಸ್ತುವಿಗೆ ಬೆಲೆ ಕಟ್ಟುವುದನ್ನು ನಮ್ಮ ಜಿಲ್ಲೆಯಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈಯವರು ಬೀಳುತ್ತಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು, ಪುನಃ ಜೋಡಿಸಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. ನಮ್ಮ ಕುಂದಾಪುರ ಕಡೆಯ ಹರ್ಕೂರಿನ ಒಳಗಿನ ಮನೆಯೂ ಅಲ್ಲಿ ನಿಂತಿದೆ. ಅವರು 2017ರಲ್ಲಿ ತೀರಿಕೊಂಡರು. ಜನ ಬೇಡವೆಂದು ಬಿಸಾಡಿದ್ದನ್ನು ಈಗ ಟಿಕೆಟ್ ತೆಗೆದು ನೋಡ್ತಾರೆ. ಇಂಗ್ಲೆಂಡಿನಲ್ಲಿ 'ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್' ಎಂಬ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಶುರುವಾಯಿತು. ಮನೆಮನೆಯ ಹಳೆ ಸುತ್ತಿಗೆ, ಉಳಿ, ಗರಗಸ, ಹೊಲಿಗೆ ಯಂತ್ರ ಸೇರಿಸಿ, ಸ್ವಯಂಸೇವಕರು ರಿಪೇರಿ ಮಾಡಿ ಆಫ್ರಿಕಾದ ಕೆಲಸಗಾರರಿಗೆ ಕಳುಹಿಸಿದರು. ಅಲ್ಲಿ ಅದರಿಂದ ಜನ ಹೊಟ್ಟೆಪಾಡು ಮಾಡಿಕೊಂಡರು. ನಮಗೆ ಬೇಕಾದದ್ದು ಈ ಎರಡನೇ ದಾರಿ. ಗೋಡೆಗೆ ತೂಗುಹಾಕಲು ಅಲ್ಲ, ದುಡಿಯಲು.

ಎಲ್ಲಿ ಹುಡುಕುವುದು?

ಮೊದಲು ಮನೆಯಲ್ಲಿ. ಅಟ್ಟ, ಕೊಟ್ಟಿಗೆ, ಬಚ್ಚಲು ಕೋಣೆಯ ಮೂಲೆ ನೋಡಿ. ಮಗ ಬೆಂಗಳೂರಿನ ಹೋಟೆಲಿಗೆ ಹೋದ ಮೇಲೆ ಅಪ್ಪನ ಮರಗೆಲಸದ ಪೆಟ್ಟಿಗೆ ಹಾಗೇ ಬಿದ್ದಿರುವ ಮನೆಗಳು ಎಷ್ಟೋ ಉಂಟು. ಎರಡನೆಯದು ಗುಜರಿ ಅಂಗಡಿ. ಅಲ್ಲಿ ತೂಕಕ್ಕೆ ಸಿಗುತ್ತದೆ. ಮೂರನೆಯದು ಸಂತೆ. ಶನಿವಾರ ಕುಂದಾಪುರ ಸಂತೆಗೆ ತರಕಾರಿಗೆ ಹೋಗುವವರು ಕಬ್ಬಿಣದ ಸಾಮಾನಿನ ಕಡೆಗೂ ಒಮ್ಮೆ ಕಣ್ಣು ಹಾಕಿ. ಹಳೆ ಮನೆ ಕೆಡವುವಾಗಲೂ ವಿಚಾರಿಸಿ. ಆದರೆ ಒಂದು ಎಚ್ಚರಿಕೆ: ಎಲ್ಲಿಂದ ಬಂತು ಎಂದು ಕೇಳದೆ ಕೊಳ್ಳಬೇಡಿ. ಕದ್ದ ಮಾಲು ಅಗ್ಗಕ್ಕೆ ಸಿಕ್ಕಿದರೂ ನಮಗೆ ಬೇಡ. ಅಂಗಡಿಯಿಂದಾದರೆ ಚೀಟಿ ಕೇಳಿ ತೆಗೆದುಕೊಳ್ಳಿ.

ಗಂಡ ತೀರಿಕೊಂಡ ಅಕ್ಕಂದಿರಿಗೆ ಒಂದು ಮಾತು. ಅವರ ಉಳಿ, ಬಾಚಿ, ಗರಗಸದ ಪೆಟ್ಟಿಗೆಯನ್ನು ಅವಸರದಲ್ಲಿ ತೂಕಕ್ಕೆ ಕೊಡಬೇಡಿ. ಊರಿನ ಒಬ್ಬ ಬಡಗಿಯನ್ನು ಕರೆದು ತೋರಿಸಿ. ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋಗುವ ಒಂದು ಉಳಿಗೆ ಕೆಲಸ ಗೊತ್ತಿರುವವನು ಬಿಡಿಯಾಗಿ ಬೆಲೆ ಕೊಡುತ್ತಾನೆ. ಅದು ನಿಮ್ಮ ಆಸ್ತಿ.

ಆರಿಸುವುದು ಹೇಗೆ?

1. ಕೊಡಲಿ, ಪಿಕ್ಕಾಸನ್ನು ಹಗ್ಗದಲ್ಲಿ ನೇತುಹಾಕಿ ಸಣ್ಣ ಕಬ್ಬಿಣದಿಂದ ತಟ್ಟಿ. ಗಂಟೆಯ ಹಾಗೆ ಸ್ವರ ಬಂದರೆ ಒಳ್ಳೆಯದು. ಒಡೆದ ಮಡಕೆಯ ಸ್ವರ ಬಂದರೆ ಬಿರುಕು ಇರಬಹುದು, ಬಿಡಿ.
2. ಬಾಯಿಯ ಹತ್ತಿರ ಅರ (ಫೈಲ್) ಹಾಕಿ ಉಜ್ಜಿ. ಅರ ಜಾರಿದರೆ ಉಕ್ಕು ಗಟ್ಟಿ ಉಂಟು. ಬೆಣ್ಣೆಯ ಹಾಗೆ ತಿಂದರೆ ಅದು ಮೆತ್ತಗಿನ ಕಬ್ಬಿಣ.
3. ತುಕ್ಕು ಬಾಯಿಯ ಅಂಚಿನಲ್ಲಿ ಆಳವಾದ ಗುಳಿ ಮಾಡಿದ್ದರೆ ಬೇಡ. ಬೆನ್ನಿನಲ್ಲಿ, ನಡುವಿನಲ್ಲಿ ಇದ್ದರೆ ತೊಂದರೆ ಇಲ್ಲ.
4. ಬೆಂಕಿಯಲ್ಲಿ ಸುಟ್ಟ ಕತ್ತಿಯ ಹದ ಹೋಗಿರುತ್ತದೆ. ಆಚಾರಿಗಳಿಗೆ ತೋರಿಸದೆ ಹಣ ಕೊಡಬೇಡಿ.
5. ಕಾವು, ಹಿಡಿ ಹೋಗಿದ್ದರೆ ಚಿಂತೆ ಬೇಡ. ಅದಕ್ಕಾಗಿಯೇ ಬೆಲೆ ಇಳಿಸಿ ಕೇಳಿ!

ತುಕ್ಕು ತೆಗೆಯುವುದು

ಮೊದಲು ಮಣ್ಣು ತೊಳೆದು, ತೆಂಗಿನ ಚಿಪ್ಪಿಯಲ್ಲಿ ಹೊಯ್ಗೆ ಅಥವಾ ಇಟ್ಟಿಗೆ ಪುಡಿ ಹಾಕಿ ಉಜ್ಜಿ. ಉಳಿದ ತುಕ್ಕಿಗೆ ಹುಳಿ ಬೇಕು. ಹುಣಸೆ ಹುಳಿಯನ್ನು ಕಿವುಚಿ ನೀರು ಮಾಡಿ, ಇಲ್ಲವೇ ಹಿತ್ತಲಲ್ಲಿ ಬಿದ್ದು ಹಾಳಾಗುವ ಬಿಂಬುಳಿಯನ್ನು ಜಜ್ಜಿ, ಪ್ಲಾಸ್ಟಿಕ್ ಬಕೆಟಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ದಿನಗಟ್ಟಲೆ ಬಿಡುವುದೂ ಬೇಡ, ಒಳ್ಳೆ ಕಬ್ಬಿಣವೂ ಸವೆಯುತ್ತದೆ. ಬೆಳಿಗ್ಗೆ ತೆಗೆದು ಬೂದಿ ನೀರಿನಲ್ಲಿ ತೊಳೆಯಿರಿ, ಆಗ ಹುಳಿಯ ಅಂಶ ಹೋಗುತ್ತದೆ. ಚೆನ್ನಾಗಿ ಒಣಗಿಸಿ ಕೂಡಲೇ ಎಣ್ಣೆ ಸವರಿ. ಅಡುಗೆ ಕತ್ತಿಗೆ ತೆಂಗಿನೆಣ್ಣೆ ಎರಡು ಹನಿ ಸಾಕು. ಹಾರೆ, ಪಿಕ್ಕಾಸಿಗೆ ಗ್ಯಾರೇಜಿನ ಹಳೆ ಎಣ್ಣೆ ಆಗುತ್ತದೆ. ಅದನ್ನು ಅಡುಗೆಯ ಸಾಮಾನಿಗೆ ಮಾತ್ರ ಮುಟ್ಟಿಸಬೇಡಿ.

ಹರಿತ ಮತ್ತು ಹಿಡಿ

ಮಸೆಗಲ್ಲಿಗೆ ನೀರು ಹಾಕಿ. ಅಡುಗೆ ಕತ್ತಿಯ ಬೆನ್ನನ್ನು ಕಲ್ಲಿನಿಂದ ಕಿರುಬೆರಳಿನ ದಪ್ಪದಷ್ಟು ಎತ್ತಿ ಹಿಡಿದು, ಅದೇ ಓರೆಯಲ್ಲಿ ಕೊನೆಯವರೆಗೆ ಮಸೆಯಿರಿ. ಒಂದು ಬದಿ ಮಸೆದಾಗ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ಒರಟು ಬೆರಳಿಗೆ ಸಿಗುತ್ತದೆ. ಆಗ ಬದಿ ಬದಲಿಸಿ. ಬಾಗಿದ ಕತ್ತಿಗೆ ಕತ್ತಿಯನ್ನು ಗಟ್ಟಿಯಾಗಿ ನಿಲ್ಲಿಸಿ ಕಲ್ಲನ್ನೇ ಅದರ ಮೇಲೆ ಆಡಿಸಿ. ಹಲ್ಲುಕತ್ತಿಯನ್ನು ಕಲ್ಲಿಗೆ ಹಾಕಬೇಡಿ, ಅದು ಆಚಾರಿಗಳ ಕೆಲಸ. ಜಡ್ಕಲ್, ಮುದೂರು ಕಡೆಯ ರಬ್ಬರ್ ಟ್ಯಾಪಿಂಗ್ ಕತ್ತಿಗೆ ಬೇರೆಯೇ ಸಣ್ಣ ಕಲ್ಲು ಬೇಕು. ಕರೆಂಟಿನ ಸಾಣೆ ಚಕ್ರಕ್ಕೆ ಕೊಟ್ಟರೆ ಪಕ್ಕದಲ್ಲಿ ನೀರಿಟ್ಟು ಆಗಾಗ ಅದ್ದಲು ಹೇಳಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ಅರ್ಥ.

ಕಾವಿಗೆ ಎಳೆ ನೇರ ಇರುವ, ಗಂಟಿಲ್ಲದ, ಚೆನ್ನಾಗಿ ಒಣಗಿದ ಮರ ಬೇಕು. ಹಸಿ ಮರ ಹಾಕಿದರೆ ಒಣಗಿ ಸಡಿಲವಾಗುತ್ತದೆ, ಕೊಡಲಿಯ ತಲೆ ಹಾರಿ ಬೇರೆಯವರಿಗೆ ತಾಗಬಹುದು. ತುದಿಗೆ ಬೆಣೆ ಹೊಡೆಯಲೇಬೇಕು. ಇನ್ನೊಂದು ಮುಖ್ಯ ವಿಷಯ: ಹಿಡಿ ನಿಮ್ಮ ಕೈಯ ಅಳತೆಗೆ ಇರಲಿ. ಅಂಗಡಿಯ ಹಿಡಿ ಗಂಡಸರ ಮುಷ್ಟಿಗೆ ಮಾಡಿದ್ದು. ಹೆಮ್ಮಾಡಿ ಕಡೆ ಸೇವಂತಿಗೆ ಗಿಡದ ಬುಡ ಬಿಡಿಸುವವರು, ಗದ್ದೆಯ ಅಂಚು ಸವರುವವರು ತಮ್ಮ ಕೈಗೆ ಹೊಂದುವ ಹಿಡಿ ಹಾಕಿಸಿಕೊಂಡರೆ ಸಂಜೆಗೆ ಕೈ ಎಷ್ಟು ಹಗುರ ಎಂದು ನೀವೇ ಹೇಳ್ತೀರಿ.

ಕೆಲಸ ಮಾಡುವಾಗ ಸೆರಗು, ಕೂದಲು ಕಟ್ಟಿಕೊಳ್ಳಿ. ಸಾಣೆ ಚಕ್ರದ ಎದುರು ಕನ್ನಡಕ ಇಲ್ಲದೆ ನಿಲ್ಲಬೇಡಿ. ಮಣ್ಣು ಹತ್ತಿದ ಸಲಕರಣೆ ತಾಗಿ ಗಾಯವಾದರೆ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದು ಬೇಕೋ ಎಂದು ಕೇಳಿ. ಅರಿಶಿನ ಹಚ್ಚಿ ಸುಮ್ಮನಿರಬೇಡಿ.

ಆಚಾರಿಗಳ ಕುಲುಮೆ ಉಳಿಯಬೇಕು

ಇಷ್ಟೆಲ್ಲ ಮಾಡಿದರೂ ಕೆಲವು ಕೆಲಸ ಕುಲುಮೆಯಲ್ಲೇ ಆಗಬೇಕು. ಊರಿಗೊಂದು ಇದ್ದ ಕುಲುಮೆ ಈಗ ಹುಡುಕಿಕೊಂಡು ಹೋಗುವಂತಾಗಿದೆ. ನಾವು ಹೊಸದು ತಂದು ಹಳೆಯದನ್ನು ಗುಜರಿಗೆ ಹಾಕಿದರೆ ಅವರಿಗೆ ಕೆಲಸ ಎಲ್ಲಿಂದ? ಅವರು ಬಾಗಿಲು ಹಾಕಿದ ಮೇಲೆ ನಮಗೆ ಉಕ್ಕು ಇಟ್ಟು ಕೊಡುವವರು ಯಾರು? ಆದ್ದರಿಂದ ಒಬ್ಬೊಬ್ಬರೇ ಒಂದೊಂದು ಕತ್ತಿ ಹಿಡಿದು ಕೊಯ್ಲಿನ ಹಿಂದಿನ ದಿನ ಓಡಬೇಡಿ. ಸಂಘದವರು ಒಟ್ಟಾಗಿ ಬಿಡುವಿನ ತಿಂಗಳಲ್ಲಿ ಕೊಂಡುಹೋಗಿ, ಕೂಲಿ ಮೊದಲೇ ಮಾತಾಡಿ, ಸರಿಯಾಗಿ ಕೊಡಿ. ಗೆರಟೆಯ ಇದ್ದಿಲು ಕುಲುಮೆಗೆ ಆಗುತ್ತದೆ. ಗೆರಟೆ ಬೇಕೋ ಎಂದು ಕೇಳಿ, ಎರಡೂ ಕಡೆ ಲಾಭ.

ಕಮ್ಮಾರರಿಗೆ, ಬಡಗಿಗಳಿಗೆ ಕೇಂದ್ರ ಸರಕಾರದ ಪಿ.ಎಂ. ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳು ಅದರಲ್ಲಿವೆ. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ನಿಮ್ಮ ಊರಿನ ಆಚಾರಿಗಳಿಗೆ ಗೊತ್ತಿಲ್ಲದಿದ್ದರೆ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಲು ಹೇಳಿ. ಆ ಮನೆಯ ಹೆಂಗಸರು ನಮ್ಮ ಸಂಘಗಳಲ್ಲೇ ಇರಬಹುದು.

ಸಂಘ ಏನು ಮಾಡಬಹುದು?

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಹಳೆ ಸಲಕರಣೆ ತನ್ನಿ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಎಲ್ಲರೂ ಕೂಡಿ ನೋಡಿ. ಸಂಘದ ಹಣದಲ್ಲಿ ಒಂದು ಒಳ್ಳೆ ಮಸೆಗಲ್ಲು, ಒಂದು ಅರ, ಒಂದು ಸುತ್ತಿಗೆ ತೆಗೆದುಕೊಳ್ಳಿ. ಇದು ಒಬ್ಬೊಬ್ಬರಿಗೆ ಭಾರ, ಹದಿನೈದು ಜನರಿಗೆ ಹಗುರ. ದಿನಾ ಬೇಡದ ಹಾರೆ, ಗರಗಸ, ಕೊಡಲಿಯನ್ನು ಒಂದು ಮನೆಯಲ್ಲಿಟ್ಟು, ಯಾರು ಕೊಂಡುಹೋದರು, ಯಾವಾಗ ತಂದರು ಎಂದು ಪುಸ್ತಕದಲ್ಲಿ ಬರೆಯಿರಿ. ಆಂತರಿಕ ಸಾಲದ ಲೆಕ್ಕ ಬರೆಯುವವರಿಗೆ ಇದು ಕಷ್ಟವೇ ಅಲ್ಲ. ಕೈ ಪಳಗಿದವರು ಕೊಯ್ಲಿನ ಮೊದಲು ಅಕ್ಕಪಕ್ಕದವರ ಕತ್ತಿ ಮಸೆದು ಕೊಟ್ಟು ನಾಲ್ಕು ಕಾಸು ಸಂಪಾದಿಸಬಹುದು.

ಮತ್ತೆ, ಸರಿ ಮಾಡಿದ ಕತ್ತಿಯ ಹಿಡಿಯ ಮೇಲೆ ನಿಮ್ಮ ಹೆಸರು ಕೊರೆಸಿ. ಜಾಗದ ಪತ್ರದಲ್ಲಿ ಹೆಸರು ಇಲ್ಲದ ಹೆಂಗಸರು ನಮ್ಮಲ್ಲಿ ತುಂಬಾ ಜನ. ಕತ್ತಿಯ ಮೇಲಾದರೂ ಇರಲಿ. ಮಳೆಗಾಲದಲ್ಲಿ ಅದನ್ನು ಒಲೆಯ ಮೇಲಿನ ಹೊಗೆ ತಾಗುವಲ್ಲಿ ಒಣಗಿಸಿ ಇಡಿ, ವಾರಕ್ಕೊಮ್ಮೆ ಎಣ್ಣೆಬಟ್ಟೆಯಲ್ಲಿ ಒರೆಸಿ. ಬಿಸಾಡಲು ಹೊರಟ ಕಬ್ಬಿಣ ನಿಮ್ಮ ಮಗಳ ಕೈವರೆಗೂ ದುಡಿಯುತ್ತದೆ.

ನಿರ್ಣಯ ಪುಸ್ತಕದಲ್ಲಿ ಇವತ್ತೇ ಒಂದು ಸಾಲು ಬರೆಯಿರಿ: "ಸಂಘಕ್ಕೆ ತೋರಿಸದೆ ಹಳೆ ಸಲಕರಣೆ ಗುಜರಿಗೆ ಹಾಕುವುದಿಲ್ಲ."