ಗೋಡೆಯ ಸಂಧಿ

ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುವುದನ್ನು ವ್ಯಾಕರಣದಲ್ಲಿ ಸಂಧಿಯೆನ್ನುತ್ತೇವೆ. ಮನೆ ಕಟ್ಟುವವರಿಗೂ ಒಂದು ಸಂಧಿಪ್ರಕರಣವುಂಟು. ಎರಡು ಗೋಡೆಗಳು ಕೂಡುವ ಮೂಲೆಯೇ ಅದು. ಅಲ್ಲಿ ಮಾತ್ರ ಕಾಲವಿಳಂಬವೇ ನಿಯಮ.

ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆಗಳನ್ನು ಬಿಗಿದು ಒಳಗೋಡೆ ಮಾಡುವುದು ವಾಡಿಕೆ. ಇಂಥ ಹಲಗೆಯ ಪೂರ್ವರೂಪಕ್ಕೆ 1894ರಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತ ಪೇಟೆಂಟ್ ಪಡೆದನು. ಈಗ ಬೆಂಗಳೂರಿನ ಕಚೇರಿಗಳ ಅಡ್ಡಗೋಡೆಗಳಲ್ಲೂ ಇವು ಬಂದಿವೆ. ಹಲಗೆ ನಿಲ್ಲಿಸುವುದು ಸುಲಭ. ಮೂಲೆ ತೀರಿಸುವುದು ಕಷ್ಟ.

ಒಳಮೂಲೆಯ ಎರಡೂ ಬದಿಗೆ ಸಂದುಲೇಪವನ್ನು ತೆಳ್ಳಗೆ ಹಚ್ಚಿ, ನಡುವೆ ಮಡಿಸಿದ ಕಾಗದದ ಪಟ್ಟಿಯನ್ನು ಅದರಲ್ಲಿ ಕೂರಿಸಿ, ಕರಣೆಯಿಂದ ನೀವಬೇಕು. ಬರಿಯ ಲೇಪ ತುಂಬಿದರೆ, ಚೌಕಟ್ಟು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ. ಎರಡನೆಯ ಸಲ ಒಂದು ಬದಿಗೆ ಬಳಿದು, ಅದು ಒಣಗಿದ ಮೇಲೆ ಮತ್ತೊಂದು ಬದಿಗೆ ಕೈಹಾಕುವುದು ಜಾಣತನ. ಎರಡನ್ನೂ ಒಮ್ಮೆಗೆ ಬಳಿಯಹೋದರೆ ಈ ಬದಿಯ ಕರಣೆ ಆ ಬದಿಯ ಹಸಿಲೇಪವನ್ನು ಗೀರುತ್ತದೆ.

ಹೊರಮೂಲೆಗೆ ಪೆಟ್ಟು ಹೆಚ್ಚು. ಮಂಚ ಸಾಗಿಸುವಾಗ ತಗಲುವುದು ಅದಕ್ಕೇ. ಅಲ್ಲಿ ಲೋಹದ ಇಲ್ಲವೆ ಪ್ಲಾಸ್ಟಿಕ್ಕಿನ ಮೂಲೆಪಟ್ಟಿಯನ್ನು ನೆಟ್ಟಗೆ ಬಿಗಿದು, ಸಲಸಲಕ್ಕೂ ಅಗಲವಾಗುವಂತೆ ಮೂರು ಸಲ ಲೇಪಿಸುತ್ತಾರೆ.

ಮೂರು ಸಲವೇಕೆ? ಸಾಮಾನ್ಯ ಲೇಪವು ನೀರಾರಿ ಗಟ್ಟಿಯಾಗುವಂಥದು, ಆರುವಾಗ ಕುಗ್ಗುತ್ತದೆ. ಒಮ್ಮೆಗೇ ದಪ್ಪನಾಗಿ ಮೆತ್ತಿದರೆ ಸೀಳುತ್ತದೆ. ಒಂದೊಂದು ಲೇಪ ಒಣಗಲು ಸುಮಾರು 24 ಗಂಟೆ ಬೇಕು; ಮಳೆಗಾಲದಲ್ಲಿ ಇನ್ನೂ ಹೆಚ್ಚು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಮೇಸ್ತ್ರಿಯನ್ನು ಅವಸರಪಡಿಸಿದರೆ, ಮುಂದೆ ಕಾಣುವ ಬಿರುಕಿಗೆ ಹೊಣೆ ಅವನಲ್ಲ, ನಾವು.

ಕಡೆಯ ಕೆಲಸ ಉಪ್ಪುಕಾಗದದಿಂದ ಉಜ್ಜುವುದು. ಗಮನವಿಟ್ಟು ಕೇಳಬೇಕಾದ ಮಾತು ಇಲ್ಲಿದೆ. ಕೆಲವು ಲೇಪಗಳ ಧೂಳಿನಲ್ಲಿ ಸಿಲಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಶತ್ರು. ಹಿಂದಿನ ಲೇಪಗಳಲ್ಲಿ ಕಲ್ನಾರನ್ನೂ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಅದನ್ನು 1977ರಲ್ಲಿ ನಿಷೇಧಿಸಿದರು. ಅಲ್ಲಿ ಹಳೆಯ ಮನೆ ಕೊಂಡು ತಾವೇ ದುರಸ್ತಿಗೆ ತೊಡಗುವ ನಮ್ಮ ಮಕ್ಕಳಿಗೆ, ಪರೀಕ್ಷೆ ಮಾಡಿಸದೆ ಗೋಡೆ ಉಜ್ಜಬೇಡಿರೆಂದು ತಿಳಿಸುವುದು ಒಳ್ಳೆಯದು. ಹೊಸ ಲೇಪವನ್ನಾದರೂ ಒದ್ದೆ ಸ್ಪಂಜಿನಿಂದ ತೀಡಿದರೆ ಧೂಳು ಬಹಳ ಕಡಿಮೆ. ಒಣಗಿದ್ದನ್ನೇ ಉಜ್ಜಬೇಕಾದರೆ ತಕ್ಕ ಮುಖಗವಸು ಇರಲೇಬೇಕು. ನಮ್ಮ ಮೂಲೆ ನುಣುಪಾಗಲೆಂದು ಕೆಲಸದವನು ಉಸಿರು ಕೆಡಿಸಿಕೊಳ್ಳಬಾರದು. ಮುಖಗವಸಿನ ಬೆಲೆಯನ್ನು ಬಣ್ಣದ ಬೆಲೆಯೊಡನೆ ಮೊದಲೇ ಲೆಕ್ಕಕ್ಕೆ ಸೇರಿಸಿಬಿಡಿ.