ಅಂತರರಾಷ್ಟ್ರೀಯ ಸಂಬಂಧದ ಪಾಠ ಕೆಂಗೇರಿಯ ಮೋರಿಯಿಂದ ಶುರು



ನಾನು ಪಿಯುಸಿ ಮುಗಿಸಿ ಅಚ್ಚಿನಮನೆ ಸೇರಿದವನು. ಜ್ಞಾನಭಾರತಿಯಲ್ಲಿ ಓದುವ ನಿಮಗೆ ಇವನೇನು ಅಂತರರಾಷ್ಟ್ರೀಯ ಸಂಬಂಧದ ಬಗ್ಗೆ ಹೇಳುತ್ತಾನೆ ಅನ್ನಬೇಡಿ. ಆ ಹೆಸರು ಕೇಳಿದ ಕೂಡಲೇ ನಿಮಗೆ ನ್ಯೂಯಾರ್ಕು, ಜಿನೀವಾ, ಕೋಟು, ಟೈ ನೆನಪಾಗುತ್ತದೆ. ನಾನು ಕರೆದೊಯ್ಯುವುದು ಕೆಂಗೇರಿಯ ಮೋರಿಗೆ.

ಮೂಗು ಮುಚ್ಚಿಕೊಳ್ಳಬೇಡಿ. ಅದು ಮೋರಿಯಲ್ಲ, ವೃಷಭಾವತಿ ನದಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ನೀರು ಬಹುಪಾಲು ಅದಕ್ಕೇ ಇಳಿಯುತ್ತದೆ. ಅದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಆದರೆ ವೈಟ್‌ಫೀಲ್ಡ್ ಕಡೆಯ ನೀರು ದಕ್ಷಿಣ ಪಿನಾಕಿನಿ ಪಾಲು. ಇದನ್ನೇ ಹಿಡಿದುಕೊಂಡು ಕಾವೇರಿ ನ್ಯಾಯಮಂಡಳಿ 2007ರಲ್ಲಿ, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಕುಡಿಯುವ ನೀರು ಅಳೆಯಿತು. ಮಿಕ್ಕವರಿಗೆ ಬಾಯಾರುವುದಿಲ್ಲವೇ?

ಈಗ ಹಿಂದಕ್ಕೆ ಹೋಗೋಣ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತಕ್ಕೂ ಒಪ್ಪಂದವಾಯಿತು: ಮದ್ರಾಸು ಒಪ್ಪದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ. ಮದ್ರಾಸನ್ನು ಆಳುತ್ತಿದ್ದವರು ಬ್ರಿಟಿಷರು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿಸಿದವರೂ ಅವರೇ. ಅಂದರೆ ಎದುರಾಳಿಯೂ ಅವನೇ, ಪಂಚಾಯ್ತಿ ಹೇಳುವವನೂ ಅವನೇ! ಕನ್ನಂಬಾಡಿ ಕಟ್ಟೆಗೆ ಮದ್ರಾಸು ಅಡ್ಡ ಬಂದಾಗ 1914ರಲ್ಲಿ ಗ್ರಿಫಿನ್ ಎಂಬ ನ್ಯಾಯಾಧೀಶ ಮೈಸೂರಿನ ಪರವಾಗಿ ತೀರ್ಪು ಕೊಟ್ಟ. ಭಾರತ ಸರ್ಕಾರವೂ ಒಪ್ಪಿತು. ಮದ್ರಾಸು ಲಂಡನ್ನಿಗೆ ದೂರು ಒಯ್ದಿತು. ತೀರ್ಪು ಮೂಲೆ ಸೇರಿತು. ಕೊನೆಗೆ ಮೈಸೂರು ರಾಜಿಗೆ ಕುಳಿತು 1924ರ ಫೆಬ್ರವರಿ 18ರಂದು ಸಹಿ ಹಾಕಿತು. ನಿಮ್ಮ ಪುಸ್ತಕಗಳಲ್ಲಿ ಶಕ್ತಿ ರಾಜಕಾರಣ ಅನ್ನುತ್ತಾರಲ್ಲ, ಅದು ಇದೇ.

ನಮ್ಮ ಕೈ ಕಟ್ಟಿಹಾಕಿ ಮಾಡಿಸಿದ ಒಪ್ಪಂದ ಅದು ಎಂದು ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. ಕೋರ್ಟು ಅದನ್ನು ಒಪ್ಪಲಿಲ್ಲ. ಆದರೆ 50 ವರ್ಷ ತುಂಬಿದ 1974ಕ್ಕೆ ಒಪ್ಪಂದ ಮುಗಿಯಿತು ಎಂದಿತು. 2018ರ ಫೆಬ್ರವರಿ 16ರ ಆ ತೀರ್ಪಿನಲ್ಲಿ ನಮ್ಮ ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿಗೆ. ಮೂರನೇ ಒಂದು ಭಾಗದ ಲೆಕ್ಕ ಬಿದ್ದುಹೋಯಿತು.

ಇನ್ನೊಂದು ತಾರೀಖನ್ನೂ ನೆನಪಿಡಿ. 2016ರ ಸೆಪ್ಟೆಂಬರ್ 12. ನಮ್ಮ ಮೈಸೂರು ರಸ್ತೆಯ ಬದಿಯಲ್ಲಿ ಸಾಲಾಗಿ ಬಸ್ಸುಗಳು ಉರಿದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ. ಆ ಬೆಂಕಿಯಿಂದ ಒಂದು ಕೊಡ ನೀರು ಹೆಚ್ಚಿಗೆ ಬಂತೇ? ಕೋಪ ನನಗೂ ಇದೆ. ಆದರೆ 4.75 ಟಿಎಂಸಿ ತಂದದ್ದು ಕಾಗದಪತ್ರ, ನಕ್ಷೆ, ವಾದ.

ಹಾಗಂತ ಎಲ್ಲ ವಾದವೂ ನಿಲ್ಲುವುದಿಲ್ಲ. ನಮ್ಮ ನೆಲದಲ್ಲಿ ಹರಿಯುವ ನೀರು ಪೂರಾ ನಮ್ಮದೇ ಎಂದು ನಾವು ಭಾಷಣ ಮಾಡುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ರಿಯೊ ಗ್ರಾಂಡೆ ನದಿಯ ವಿಷಯದಲ್ಲಿ ಮೆಕ್ಸಿಕೊಗೆ ಹೇಳಿದ್ದೂ ಅದೇ. ಆದರೆ 1906ರಲ್ಲಿ ಅದೇ ಅಮೆರಿಕ ಒಪ್ಪಂದ ಮಾಡಿಕೊಂಡು ಮೆಕ್ಸಿಕೊಗೆ ನೀರು ಕೊಡಲು ಒಪ್ಪಿತು. ಮೇಲಿನವನಿಗೂ ಕೆಳಗಿನವನಿಗೂ ನ್ಯಾಯವಾದ ಪಾಲು ಎನ್ನುತ್ತವೆ 1966ರ ಹೆಲ್ಸಿಂಕಿ ನಿಯಮಗಳು. ನಮ್ಮ ಸುಪ್ರೀಂ ಕೋರ್ಟು ಹಿಡಿದ ದಾರಿಯೂ ಅದೇ.

ಈಗ ನಿಮಗೊಂದು ಪ್ರಶ್ನೆ. ಬ್ರಹ್ಮಪುತ್ರದಲ್ಲಿ ಚೀನಾ ಮೇಲೆ, ಭಾರತ ಕೆಳಗೆ. ಕಾವೇರಿಯಲ್ಲಿ ನಾವು ಮೇಲೆ. ಅಲ್ಲಿ ಭಾರತ ಕೇಳುವ ನ್ಯಾಯವನ್ನೇ ಇಲ್ಲಿ ತಮಿಳುನಾಡು ಕೇಳುತ್ತದೆ. ಹಾಗಿದ್ದರೆ ಎರಡೂ ಕಡೆ ಸೋಲದ ಹಾಗೆ ಕರ್ನಾಟಕದ ವಾದವನ್ನು ಹೇಗೆ ಕಟ್ಟುತ್ತೀರಿ? ಇಂಗ್ಲಿಷಿನಲ್ಲಿ ಓದಿ, ತಪ್ಪಿಲ್ಲ. ಉತ್ತರವನ್ನು ಮಾತ್ರ ಹಳ್ಳಿಯ ರೈತನಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ತನ್ನಿ. ಅಚ್ಚು ಹಾಕಿಕೊಡಲು ನಾನಿದ್ದೇನೆ. ಕಾಗದದ ದುಡ್ಡು ಕೇಳುವುದಿಲ್ಲ.